ಇಬ್ಬನಿಯಲ್ಲಿ ಹದಿನೆಂಟು ಹೋಲ್: ಮಲೆನಾಡಿನ ಚಳಿಯಲ್ಲಿ ಗೆಳೆಯರ ಜೊತೆ ಗಾಲ್ಫ್

ಡಿಸೆಂಬರ್, ಜನವರಿಯ ಬೆಳಗ್ಗೆ ಮಲೆನಾಡಿನಲ್ಲಿ ಗಾಲ್ಫ್ ಆಡುವವರನ್ನು ಚಳಿಗಿಂತ ಹೆಚ್ಚು ಕಾಡುವುದು ಇಬ್ಬನಿ. ಮೂರ್ನಾಲ್ಕು ಹೋಲ್ (ಮೊದಲ ಹೊಡೆತದ ಜಾಗದಿಂದ ಚೆಂಡು ಬೀಳಬೇಕಾದ ಕುಳಿಯವರೆಗಿನ ಒಂದೊಂದು ಹಂತ) ನಡೆದರೆ ಮೈ ಬಿಸಿಯಾಗುತ್ತದೆ. ಹುಲ್ಲಿನ ಮೇಲಿನ ನೀರು ಮಾತ್ರ ಒಂಬತ್ತೂವರೆ, ಹತ್ತರವರೆಗೂ ಆರುವುದಿಲ್ಲ. ಶಿವಮೊಗ್ಗದ ಕಿಮ್ಮನೆ ಗಾಲ್ಫ್ ರೆಸಾರ್ಟಿನಲ್ಲಾಗಲಿ ಚಿಕ್ಕಮಗಳೂರಿನ ಗಾಲ್ಫ್ ಕ್ಲಬ್ಬಿನಲ್ಲಾಗಲಿ, ಆ ಹೊತ್ತಿನ ಆಟವನ್ನು ಎರಡು ಆಟವೆಂದೇ ಹಿಡಿಯಿರಿ: ಮೊದಲರ್ಧ ಒದ್ದೆ, ಉಳಿದರ್ಧ ಒಣ.

ಡಿಸೆಂಬರ್ ಕೊನೆಯಲ್ಲಿ ಶಿವಮೊಗ್ಗದಲ್ಲಿ ಸೂರ್ಯ ಹುಟ್ಟುವುದು 6.45ರ ಸುಮಾರಿಗೆ. ಮೊದಲ ಹೊಡೆತವನ್ನು 7.30ಕ್ಕಿಂತ ಮುಂಚೆ ಇಟ್ಟುಕೊಳ್ಳಬೇಡಿ. ಮಂಜು ದಟ್ಟವಾಗಿದ್ದರೆ ಇನ್ನೂ ಕಾಯಿರಿ. ನಿಮ್ಮ ಚೆಂಡು ಬೀಳುವ ಜಾಗ ಕಣ್ಣಿಗೆ ಕಾಣದಿದ್ದರೆ ಡ್ರೈವರ್ (ಅತಿ ದೂರ ಹೊಡೆಯುವ ಕೋಲು) ಎತ್ತಲೇಬಾರದು. ಅಲ್ಲಿ ಹುಲ್ಲು ಕತ್ತರಿಸುವವರು ಇರಬಹುದು. ಬಿಳಿ ಚೆಂಡು ಬೇಡ, ಹಳದಿ ಅಥವಾ ಕಿತ್ತಳೆ ಬಣ್ಣದ್ದು ತನ್ನಿ. ನಾಲ್ವರ ಗುಂಪಿನಲ್ಲಿ ಒಬ್ಬರು ಹೊಡೆಯುವಾಗ ಉಳಿದ ಮೂವರೂ ಚೆಂಡಿನ ಮೇಲೆ ಕಣ್ಣಿಟ್ಟಿರಲಿ, ಏಕೆಂದರೆ 2019ರ ನಿಯಮದಂತೆ ಹುಡುಕಲು ಸಿಗುವುದು 3 ನಿಮಿಷ ಮಾತ್ರ (ಮೊದಲು 5 ಇತ್ತು). ಪೊದೆಯೊಳಗೆ ಕೈ ಹಾಕಬೇಡಿ. ಹಾವಿರಬಹುದು, ಕ್ಲಬ್ಬಿನಿಂದಲೇ (ಆಡುವ ಕೋಲಿನಿಂದಲೇ) ಕೆದಕಿ ನೋಡಿ.

ಬಟ್ಟೆಯ ವಿಷಯದಲ್ಲಿ ದಪ್ಪ ಜರ್ಕಿನ್ ಒಂದನ್ನೇ ನಂಬಬೇಡಿ. ಭುಜ ತಿರುಗದೆ ಅರ್ಧ ಸ್ವಿಂಗ್‌ಗೇ ಕೈ ನಿಲ್ಲುತ್ತದೆ. ತೆಳು ಬನಿಯನ್, ಟೀ ಶರ್ಟ್, ಅದರ ಮೇಲೆ ತೋಳಿಲ್ಲದ ಸ್ವೆಟರ್ ಸಾಕು. ಬಿಸಿಲೇರಿದಂತೆ ಒಂದೊಂದೇ ಕಳಚಬಹುದು. ಗ್ಲೌಸ್ ಎರಡಾದರೂ ಇರಲಿ. ಟವೆಲ್ ಕೂಡ ಎರಡು: ಒಂದು ಕ್ಲಬ್ ಒರೆಸಲು, ಇನ್ನೊಂದು ಕೈ ಮತ್ತು ಗ್ರಿಪ್‌ಗೆ ಮಾತ್ರ. ಇದನ್ನು ಬ್ಯಾಗಿನ ಹೊರಗೆ ನೇತುಹಾಕಿದರೆ ಮೊದಲ ಹೋಲ್‌ನಲ್ಲೇ ಒದ್ದೆ, ಒಳಗಿಡಿ.

ಆಡುವ ಮುನ್ನ ಹತ್ತು ನಿಮಿಷ ಸೊಂಟ, ಭುಜ ಸಡಿಲಿಸಿ. ವೆಜ್‌ನಿಂದ (ಹತ್ತಿರದ ಹೊಡೆತಕ್ಕೆ ಬಳಸುವ ಕೋಲು) ಅರ್ಧ ಸ್ವಿಂಗ್ ಶುರುಮಾಡಿ, ಡ್ರೈವರ್ ಕೊನೆಗೆ. ಅಂಗೈ ಬೆಚ್ಚಗಾಗಿಸುವ ಪೊಟ್ಟಣ ಕೈಗೆ ಹಿಡಿಯಬಹುದು. ಅದರಲ್ಲಿ ಚೆಂಡನ್ನು ಬಿಸಿಮಾಡಿ ಹೊಡೆದರೆ ಅನರ್ಹತೆ.

ದೂರ ಏಕೆ ಕಡಿಮೆಯಾಗುತ್ತದೆ? ತಣ್ಣನೆಯ ಗಾಳಿ ಹೆಚ್ಚು ಸಾಂದ್ರ, ತಣ್ಣನೆಯ ಚೆಂಡು ಕಡಿಮೆ ಪುಟಿಯುತ್ತದೆ. ಆದರೆ ಅವುಗಳ ನಷ್ಟ ಕೆಲವೇ ಯಾರ್ಡ್. ದೊಡ್ಡ ನಷ್ಟ, ಹುಲ್ಲು ಕತ್ತರಿಸಿದ ನಡುದಾರಿಯಾದ ಒದ್ದೆ ಫೇರ್‌ವೇಯಲ್ಲಿ: ಬಿದ್ದಲ್ಲೇ ಚೆಂಡು ನಿಲ್ಲುತ್ತದೆ, ಉರುಳುವುದೇ ಇಲ್ಲ. 7 ಐರನ್ (ಲೋಹದ ತಲೆಯ ಕೋಲು, ಸಂಖ್ಯೆ ಕಡಿಮೆಯಾದಷ್ಟೂ ದೂರ ಹೆಚ್ಚು) ಹೊಡೆಯುವ ಜಾಗದಲ್ಲಿ 6 ತೆಗೆದುಕೊಳ್ಳಿ, ಬಲ ಹೆಚ್ಚಿಸಬೇಡಿ. ಮೆತ್ತನೆ ನೆಲದಲ್ಲಿ ಚೆಂಡಿನ ಹಿಂದೆ ಸ್ವಲ್ಪ ತಗುಲಿದರೂ ಕ್ಲಬ್ ಹೂತು ಹೋಗುತ್ತದೆ, ಹಾಗಾಗಿ ಚೆಂಡನ್ನು ಕೊಂಚ ಹಿಂಗಾಲಿನ ಕಡೆ ಇಟ್ಟುಕೊಂಡು ಮೊದಲು ಚೆಂಡಿಗೇ ತಾಗಿಸಿ. ಪ್ರತಿ ಹೊಡೆತಕ್ಕೂ ಮುನ್ನ ಕ್ಲಬ್ಬಿನ ಗೀರುಗಳನ್ನು ಒರೆಸಿ. ಅವುಗಳಲ್ಲಿ ನೀರು, ಹುಲ್ಲು ತುಂಬಿದ್ದರೆ ಸ್ಪಿನ್ ಹಿಡಿಯದೆ ಚೆಂಡು ಗ್ರೀನ್ (ಕುಳಿಯ ಸುತ್ತಲಿನ ನುಣುಪು ಹುಲ್ಲು) ದಾಟಿ ಓಡಿಬಿಡುತ್ತದೆ. ಬಂಕರಿನ (ಮರಳು ಗುಂಡಿಯ) ಒದ್ದೆ ಮರಳು ಗಟ್ಟಿ. ಕ್ಲಬ್ಬಿನ ಮುಖ ಪೂರ್ತಿ ತೆರೆಯದೆ, ಕಡಿಮೆ ಮರಳು ತೆಗೆಯಿರಿ.

ಗ್ರೀನ್‌ನಲ್ಲೇ ಆಟ ಗೆಲ್ಲುವುದು, ಸೋಲುವುದು. ಇಬ್ಬನಿಯ ಮೇಲೆ ಹತ್ತು ಅಡಿಯ ಪಟ್ (ಚೆಂಡನ್ನು ಕುಳಿಯತ್ತ ಉರುಳಿಸುವ ಮೆಲ್ಲನೆಯ ಹೊಡೆತ) ಅನ್ನು ಹನ್ನೆರಡು ಅಡಿಯೆಂದು ಎಣಿಸಿ, ತಿರುವು ಕಡಿಮೆ ಹಿಡಿಯಿರಿ. ಮೊದಲು ಪಟ್ ಮಾಡಿದವರ ಚೆಂಡು ಬೆಳ್ಳಗಿನ ಹುಲ್ಲಿನಲ್ಲಿ ಹಸಿರು ಗೆರೆ ಬಿಟ್ಟಿರುತ್ತದೆ. ಆ ಗೆರೆ ಎಲ್ಲಿ ಬಾಗಿದೆ ಎಂದು ನೋಡಿದರೆ ಇಳಿಜಾರು ತಾನೇ ತಿಳಿಯುತ್ತದೆ. ಆದರೆ ನಿಮ್ಮ ದಾರಿಯ ಇಬ್ಬನಿಯನ್ನು ಒರೆಸಬೇಡಿ, ಸ್ಟ್ರೋಕ್ ಪ್ಲೇನಲ್ಲಿ (ಒಟ್ಟು ಹೊಡೆತ ಎಣಿಸುವ ಆಟದಲ್ಲಿ) ಎರಡು ಹೊಡೆತ ದಂಡ. ಮೊದಲ ಹೊಡೆತ ಹೊಡೆಯುವ ಟೀ ಜಾಗದಲ್ಲಿ ಮಾತ್ರ ಒರೆಸಬಹುದು. ಆಟದ ನಡುಭಾಗದಲ್ಲಿ ಒಂದೇ ಗ್ರೀನ್‌ನಲ್ಲಿ ಮೂರು ಪಟ್ ಆಗದಂತೆ ಎಚ್ಚರವಹಿಸಿ: ಬಿಸಿಲು ಬಿದ್ದ ಗ್ರೀನ್ ಆಗಲೇ ಒಣಗಿರುತ್ತದೆ, ಮರದ ನೆರಳಿನದು ಒದ್ದೆಯಾಗೇ ಇರುತ್ತದೆ. ಪ್ರತಿ ಗ್ರೀನ್‌ಗೂ ಕಾಲಿಟ್ಟಾಗ ಶೂ ಗುರುತು ಮೂಡುತ್ತದೋ ಇಲ್ಲವೋ ನೋಡಿ ವೇಗ ನಿರ್ಧರಿಸಿ.

ಅಂಕದ ಪದ್ಧತಿಗೆ ಸ್ಟೇಬಲ್‌ಫೋರ್ಡ್ ಒಳ್ಳೆಯದು. ಇದರಲ್ಲಿ ಪ್ರತಿ ಹೋಲ್‌ಗೂ ಬೇರೆ ಅಂಕ: ಹ್ಯಾಂಡಿಕ್ಯಾಪ್ (ಆಟಗಾರನ ಮಟ್ಟಕ್ಕೆ ತಕ್ಕಂತೆ ಸಿಗುವ ಹೊಡೆತಗಳ ರಿಯಾಯಿತಿ) ಕಳೆದು ಪಾರ್‌ಗೆ (ಹೋಲ್‌ಗೆ ನಿಗದಿಯಾದ ಹೊಡೆತಗಳು) 2, ಬರ್ಡಿಗೆ (ಅದಕ್ಕಿಂತ ಒಂದು ಕಡಿಮೆ) 3, ಬೋಗಿಗೆ (ಒಂದು ಹೆಚ್ಚು) 1. ಕೈ ಮರಗಟ್ಟಿದ ಮೊದಲ ಎರಡು ಹೋಲ್ ಹಾಳಾದರೂ ಗೆಳೆಯರಲ್ಲಿ ಯಾರೂ ಆಟದಿಂದ ಹೊರಬೀಳುವುದಿಲ್ಲ, ಕೊನೆಯವರೆಗೂ ಉತ್ಸಾಹ ಉಳಿಯುತ್ತದೆ. ಚೆಂಡಿಗೆ ಮಣ್ಣು ಮೆತ್ತುವ ದಿನಗಳಲ್ಲಿ, ಫೇರ್‌ವೇಯಲ್ಲಿ ಎತ್ತಿ ಒರೆಸಿ ಆರಿಂಚಿನೊಳಗೆ, ಹೋಲ್‌ಗೆ ಹತ್ತಿರವಾಗದಂತೆ ಇಡುವ ಸ್ಥಳೀಯ ನಿಯಮವನ್ನು ಗಾಲ್ಫ್ ಕ್ಲಬ್ ಜಾರಿ ಮಾಡಿದೆಯೇ ಎಂದು ಮೊದಲೇ ಕೇಳಿ. ಇಲ್ಲದಿದ್ದರೆ ಹಾಗೆಯೇ ಆಡಬೇಕು.

ಒಂಬತ್ತನೇ ಹೋಲ್ ಮುಗಿದಾಗ ಫ್ಲಾಸ್ಕಿನಲ್ಲಿ ಕಷಾಯ ಇರಲೇಬೇಕು, ಇದರಲ್ಲಿ ರಾಜಿಯಿಲ್ಲ. ಕೊತ್ತಂಬರಿ ನಾಲ್ಕು ಪಾಲು, ಜೀರಿಗೆ ಎರಡು, ಕಾಳುಮೆಣಸು ಒಂದು, ಬೇರೆ ಬೇರೆ ಹುರಿದು ಪುಡಿಮಾಡಿ. ಲೋಟಕ್ಕೊಂದು ಚಮಚ ಪುಡಿ, ಬೆಲ್ಲ ಹಾಕಿ ಕುದಿಸಿ, ಕೊನೆಗೆ ಹಾಲು.

ಆಟ ಮುಗಿದ ಮೇಲೆ ಕ್ಲಬ್ಬಿನ ತಲೆ ಒಣಗಿಸದೆ ಕವರ್ ಹಾಕಬೇಡಿ, ಫೋರ್ಜ್ಡ್ (ಬಡಿದು ಮಾಡಿದ) ವೆಜ್‌ಗಳಿಗೆ ತುಕ್ಕು ಬೇಗ ಹಿಡಿಯುತ್ತದೆ. ಶೂಗಳಿಗೆ ಹಳೆಯ ಪತ್ರಿಕೆ ತುರುಕಿ ನೆರಳಲ್ಲಿಡಿ, ಒಲೆಯ ಬಳಿ ಇಟ್ಟರೆ ಚರ್ಮ ಸೀಳುತ್ತದೆ. ಗ್ಲೌಸನ್ನು ಮುದುರದೆ, ಕೈಯ ಆಕಾರಕ್ಕೆ ಹರಡಿ ಒಣಗಿಸಿ.