ಮರಳಿ ಬಂದ ಮೇಲಿನ ವಾರಗಳು

ಸೈನಿಕರ ಕುಟುಂಬಗಳಿಗೆ ಆಪ್ತಸಮಾಲೋಚನೆ ಮಾಡಲು ಶುರು ಮಾಡಿದಾಗ, ಕಷ್ಟವೆಲ್ಲ ಅಗಲಿಕೆಯಲ್ಲೇ ಇದೆ ಎಂದುಕೊಂಡಿದ್ದೆ. ಹೊರಡುವ ದಿನಕ್ಕೆ ಮನೆಯವರನ್ನು ಸಜ್ಜು ಮಾಡುವುದರಲ್ಲೇ ನನ್ನ ಸಮಯ ಹೋಗುತ್ತಿತ್ತು. ಆದರೆ ಜಾಸ್ತಿ ಜನ ನನ್ನ ಹತ್ತಿರ ಬರುತ್ತಿದ್ದುದು, ಹೋದವರು ಮನೆಗೆ ಬಂದು ಮೂರ್ನಾಲ್ಕು ವಾರ ಕಳೆದ ಮೇಲೆ.

"ಬಂದಿದ್ದಾರೆ, ಖುಷಿನೇ. ಆದ್ರೆ ನನ್ನ ಮನೇಲಿ ನಾನೇ ಕೇಳ್ಕೊಂಡು ಮಾಡೋ ಹಾಗಾಗಿದೆ ಮೇಡಂ" ಎಂದರು ಒಬ್ಬರು. ಪಕ್ಕದಲ್ಲಿದ್ದ ಗಂಡ ತಲೆ ತಗ್ಗಿಸಿ, "ನಾನಿಲ್ಲದೆಯೂ ಎಲ್ಲ ನಡೀತಿತ್ತು, ಅಲ್ವಾ?" ಎಂದರು. ಇಬ್ಬರದ್ದೂ ನೋವೇ.

1970ರ ದಶಕದಲ್ಲಿ ಪಾಲೀನ್ ಬಾಸ್ ಎಂಬ ಸಂಶೋಧಕಿ, ವಿಯೆಟ್ನಾಂ ಯುದ್ಧದಲ್ಲಿ ಕಾಣೆಯಾದ ಪೈಲಟ್‌ಗಳ ಕುಟುಂಬಗಳನ್ನು ಅಧ್ಯಯನ ಮಾಡಿದರು. ಅವರು ಹೇಳಿದ್ದು ಇದು: ಎದುರಿಗೆ ಇಲ್ಲದವರು ಮನಸ್ಸಿನಲ್ಲಿ ಇದ್ದೇ ಇರುತ್ತಾರೆ. ಇದಕ್ಕೆ ಇನ್ನೊಂದು ಮುಖವೂ ಇದೆ: ಎದುರಿಗೆ ಕೂತಿರುತ್ತಾರೆ, ಮನಸ್ಸು ಇನ್ನೆಲ್ಲೋ. ಇದನ್ನು ಓದಿದ ಮೇಲೆ ನನ್ನ ಕೆಲಸದ ರೀತಿಯೇ ಬದಲಾಯಿತು.

ಈಗ, ಮನೆಗೆ ಮರಳಿದ ಸೈನಿಕರಿಗೆ ಮೊದಲು ಒಂದೇ ಮಾತು ಹೇಳುತ್ತೇನೆ: ಎರಡು ವಾರ ಮನೆಯ ಯಾವ ನಿಯಮವನ್ನೂ ಬದಲಾಯಿಸಬೇಡಿ, ಸುಮ್ನೆ ನೋಡಿ. ಮಗು ಎಷ್ಟಕ್ಕೆ ಮಲಗುತ್ತೆ, ಬಿಲ್ ಯಾರು ಕಟ್ಟುತ್ತಾರೆ, ಜ್ವರ ಬಂದರೆ ಯಾರಿಗೆ ಫೋನ್ ಹೋಗುತ್ತೆ. ಆಮೇಲೆ ಒಂದು ಕೆಲಸ ಮಾತ್ರ ವಹಿಸಿಕೊಳ್ಳಿ, ಅದೂ ಮನೆಯವರನ್ನು ಕೇಳಿ.

ಮನೆಯಲ್ಲಿ ಉಳಿದವರಿಗೆ ನಾನು ಮೊದಲು "ನಿಮ್ಮದು ದೊಡ್ಡ ತ್ಯಾಗ" ಎನ್ನುತ್ತಿದ್ದೆ. ಅದನ್ನು ಬಿಟ್ಟುಬಿಟ್ಟೆ. ಆ ಮಾತು ಕೇಳಿ ಅವರು ಇನ್ನಷ್ಟು ಮೌನವಾಗುತ್ತಿದ್ದರು. ಈಗ, "ಈ ತಿಂಗಳುಗಳಲ್ಲಿ ನೀವು ಯಾವುದರಲ್ಲಿ ಪಳಗಿದಿರಿ?" ಎಂದು ಕೇಳುತ್ತೇನೆ. ಉತ್ತರ ಬರಲು ಹೊತ್ತು ಹಿಡಿಯುತ್ತದೆ, ಕಾಯುತ್ತೇನೆ. ಒಬ್ಬರು ಬ್ಯಾಂಕ್ ವ್ಯವಹಾರವೆಲ್ಲ ಕಲಿತಿದ್ದರು. ಗಂಡ ಬಂದ ದಿನವೇ ಅದನ್ನು ವಾಪಸ್ ಒಪ್ಪಿಸಿ, ಒಳಗೊಳಗೇ ಕುಗ್ಗಿದ್ದರು. ಅದು ನಿಮ್ಮ ಹತ್ತಿರವೇ ಇರಲಿ, ಅವರಿಗೆ ನೀವೇ ಕಲಿಸಿಕೊಡಿ ಎಂದೆ. ತಾವು ಮಾಡಿದ್ದಕ್ಕೆ ಬೆಲೆಯಿದೆ ಎಂದು ಅವರಿಗೆ ಅನಿಸಿದ್ದು ಆಗಲೇ.

ನಿದ್ದೆಯೇ ಇಲ್ಲ, ಕುಡಿತ ಹೆಚ್ಚಿದೆ, ಮನೆಯವರಿಗೆ ಭಯವಾಗುತ್ತಿದೆ ಎಂದರೆ ಮಾತ್ರ ಈ ಎರಡು ವಾರ ಕಾಯುವ ಮಾತೇ ಇಲ್ಲ. ಅಂಥವರನ್ನು ಅದೇ ದಿನ ಮನೋವೈದ್ಯರ ಹತ್ತಿರ ಕಳಿಸುತ್ತೇನೆ. ಮನೆಯವರು ಎಲ್ಲಿ ಸುರಕ್ಷಿತವಾಗಿ ಇರಬಹುದು ಎಂಬುದನ್ನೂ ಅವರ ಜೊತೆ ಕೂತು ಗೊತ್ತುಮಾಡುತ್ತೇನೆ.

ಮಕ್ಕಳನ್ನೂ ಕೇಳಬೇಕು. ಅಪ್ಪನಿಗೆ ಯಾವ ಕೆಲಸ ಕೊಡೋಣ ಎಂದು ಒಬ್ಬ ಹುಡುಗಿಯನ್ನು ಕೇಳಿದೆ. ತುಂಬಾ ಯೋಚಿಸಿ ಹೇಳಿದಳು: "ಜಡೆ ಅಮ್ಮನೇ ಹಾಕ್ಲಿ. ಶಾಲೆವರೆಗೂ ಅಪ್ಪ ಬರ್ಲಿ."