ಮೊದಲ ಹೈಬ್ರಿಡ್ ಸೈಕಲ್: 25 ಸಾವಿರದೊಳಗೆ ಒಳ್ಳೆಯದನ್ನು ಆರಿಸುವುದು ಹೇಗೆ?

ಸೈಕಲ್ ಅಂಗಡಿಗೆ ಕಾಲಿಟ್ಟ ಕೂಡಲೇ ಕಣ್ಣು ಹೋಗುವುದು ದಪ್ಪ ಟೈರಿನ ಕಡೆಗೆ, ಮುಂದಿನ ಚಕ್ರ ಹಿಡಿದಿರುವ ಸ್ಪ್ರಿಂಗ್ ಫೋರ್ಕಿನ ಕಡೆಗೆ, ಫ್ರೇಮಿನ ಮೇಲೆ ದೊಡ್ಡದಾಗಿ ಬರೆದ ‘21 ಗೇರ್’ ಕಡೆಗೆ. ಅದೇ ಬೆಲೆಯ ಹೈಬ್ರಿಡ್ ಸೈಕಲ್ ಪಕ್ಕದಲ್ಲೇ ನಿಂತಿದ್ದರೂ ಸಪ್ಪೆಯಾಗಿ ಕಾಣುತ್ತದೆ. ಆದರೆ ದಿನಾ ಆಫೀಸಿಗೋ ಕಾಲೇಜಿಗೋ ಹೋಗಿ ಬರಲು, ಭಾನುವಾರ ಊರಾಚೆ ಒಂದು ಸುತ್ತು ಹಾಕಲು ಆ ಸಪ್ಪೆ ಸೈಕಲ್ಲೇ ವಾಸಿ. 15ರಿಂದ 25 ಸಾವಿರ ರೂಪಾಯಿಯ ಬಜೆಟ್‌ನಲ್ಲಿ ದುಡ್ಡು ಹೋಗಬೇಕಾದದ್ದು ಮೂರಕ್ಕೆ: ಸರಿಯಾದ ಅಳತೆ, ಒಳ್ಳೆಯ ಟೈರು, ನಂಬಬಹುದಾದ ಬ್ರೇಕು. ಉಳಿದದ್ದೆಲ್ಲ ಆಮೇಲೆ.

ಹೈಬ್ರಿಡ್ ಅಂದರೆ ರೋಡ್ ಬೈಕ್ (ತೆಳು ಟೈರಿನ ವೇಗದ ಸೈಕಲ್) ಮತ್ತು ಎಂಟಿಬಿ (ಗುಡ್ಡಗಾಡಿನ ಮೌಂಟೇನ್ ಬೈಕ್) ನಡುವಿನ ಸೈಕಲ್. ಚಕ್ರ ರೋಡ್ ಬೈಕಿನಂತೆ ದೊಡ್ಡದು, 700ಸಿ ಅಳತೆಯದು. ಹ್ಯಾಂಡಲ್ ಎಂಟಿಬಿಯಂತೆ ನೇರ. ಬೆನ್ನು ಪೂರ್ತಿ ಬಾಗಿಸಬೇಕಿಲ್ಲ, ಟ್ರಾಫಿಕ್‌ನಲ್ಲಿ ತಲೆ ಎತ್ತಿ ನೋಡಬಹುದು.

ಮೊದಲು ನಿಮ್ಮ ದಾರಿ ನೋಡಿ

ಸೈಕಲ್ ಪಥವನ್ನೇ ನಂಬಿಕೊಂಡು ಸೈಕಲ್ ಆರಿಸಬೇಡಿ. ಬೆಂಗಳೂರಿನ ಹೊರ ವರ್ತುಲ ರಸ್ತೆಯಲ್ಲಿ 2020ರಲ್ಲಿ ಕಂಬ ನೆಟ್ಟು ಸೈಕಲ್‌ಗಳಿಗೆ ಪ್ರತ್ಯೇಕ ಪಥ ಮಾಡಿದ್ದರು. ಮೆಟ್ರೊ ಕಾಮಗಾರಿ ಬಂದ ಮೇಲೆ ಬಹಳ ಕಡೆ ಅದು ಕಾಣೆಯಾಯಿತು. ಜಯನಗರದ ಸೈಕಲ್ ಪಥಗಳ ಮೇಲೆ ಕಾರು ನಿಲ್ಲಿಸಿರುವುದನ್ನು ನೋಡದವರಿಲ್ಲ. ಮೈಸೂರಿನಲ್ಲಿ 2017ರಲ್ಲಿ ‘ಟ್ರಿಣ್ ಟ್ರಿಣ್’ ಬಾಡಿಗೆ ಸೈಕಲ್ ಯೋಜನೆ ಶುರುವಾದಾಗಲೂ ಸವಾರರು ತುಳಿದದ್ದು ಹೆಚ್ಚಾಗಿ ಎಲ್ಲರೂ ಓಡಾಡುವ ರಸ್ತೆಯಲ್ಲೇ. ಪಥ ಎಲ್ಲೋ ಶುರುವಾಗಿ ಎಲ್ಲೋ ಮುಗಿಯುತ್ತದೆ. ಅಲ್ಲಿಂದ ಮುಂದೆ ಹಂಪ್ ಇದೆ, ಪೈಪ್‌ಲೈನಿಗೆ ಅಗೆದು ಮುಚ್ಚಿದ ಜಾಗ ಇದೆ, ಸರ್ವಿಸ್ ರೋಡಿನ ಜಲ್ಲಿ ಇದೆ. ಹಾಗಾಗಿ ನೀವು ದಿನಾ ಹೋಗುವ ದಾರಿಯಲ್ಲಿ ತೀರಾ ಕೆಟ್ಟ ಒಂದು ಕಿಲೋಮೀಟರ್ ಯಾವುದು ಅಂತ ನೋಡಿಕೊಳ್ಳಿ. ಸೈಕಲ್ ಆ ತುಂಡಿಗೆ ತಕ್ಕದ್ದಾಗಿರಲಿ.

ಅಳತೆ ತಪ್ಪಿದರೆ ಉಳಿದದ್ದೆಲ್ಲ ದಂಡ

ಎಷ್ಟೋ ಜನ ಸೈಕಲ್ ಕೊಂಡು ಮೂರೇ ತಿಂಗಳಿಗೆ ಬಾಲ್ಕನಿಯಲ್ಲಿ ನಿಲ್ಲಿಸುತ್ತಾರೆ. ಕೇಳಿದರೆ ಮಂಡಿ ನೋವು, ಕುತ್ತಿಗೆ ನೋವು, ಕೈ ಜೋಮು ಅನ್ನುತ್ತಾರೆ. ಬಹಳ ಸಲ ಅದು ಫ್ರೇಮ್ ಅಳತೆಯದೋ ಸೀಟಿನ ಎತ್ತರದ್ದೋ ತಪ್ಪು.

ಮನೆಯಲ್ಲೇ ಅಳತೆ ತೆಗೆದುಕೊಳ್ಳಿ. ಬರಿಗಾಲಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಲ್ಲಿ. ಒಂದು ದಪ್ಪ ಪುಸ್ತಕವನ್ನು ಎರಡು ಕಾಲಿನ ನಡುವೆ, ಸೀಟಿನ ಹಾಗೆ ಮೇಲಕ್ಕೆ ಒತ್ತಿ ಹಿಡಿಯಿರಿ. ಪುಸ್ತಕದ ಮೇಲಂಚಿನಿಂದ ನೆಲದವರೆಗೆ ಟೇಪ್ ಹಿಡಿದು ಅಳೆಯಿರಿ. ಒಳಗಾಲಿನ ಈ ಅಳತೆ ಮತ್ತು ನಿಮ್ಮ ಎತ್ತರ, ಎರಡನ್ನೂ ಬರೆದಿಟ್ಟುಕೊಂಡು ಕಂಪನಿಯ ಅಳತೆ ಪಟ್ಟಿ ನೋಡಿ. ಒಂದು ಕಂಪನಿಯ ‘ಎಂ’ ಇನ್ನೊಂದರ ‘ಎಂ’ ಆಗಿರುವುದಿಲ್ಲ. ಎಸ್‌ಗೂ ಎಂಗೂ ನಡುವೆ ಬರುತ್ತೀರಾ? ಊರೊಳಗೆ ಹೆಜ್ಜೆಗೊಂದು ಸಲ ನಿಂತು ಹೊರಡುವವರು ಚಿಕ್ಕದನ್ನೇ ತೆಗೆದುಕೊಳ್ಳುವುದು ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಸೀಟು ಎತ್ತರಿಸಬಹುದು, ದೊಡ್ಡ ಫ್ರೇಮನ್ನು ಕುಗ್ಗಿಸಲಾಗದು.

ಅಂಗಡಿಯಲ್ಲಿ ಸೈಕಲ್‌ನ ಎರಡೂ ಕಡೆ ಕಾಲಿಟ್ಟು, ಪಾದ ಪೂರ್ತಿ ನೆಲಕ್ಕೂರಿ ನಿಲ್ಲಿ. ಮೇಲಿನ ಪೈಪಿಗೂ ನಿಮಗೂ ನಡುವೆ ಕನಿಷ್ಠ ಮೂರು ಸೆಂಟಿಮೀಟರ್ ಜಾಗ ಇರಬೇಕು. ಆಮೇಲೆ ಸೀಟಿನ ಮೇಲೆ ಕೂತು ಹಿಮ್ಮಡಿಯನ್ನು ಪೆಡಲ್ ಮೇಲಿಡಿ. ಪೆಡಲ್ ಪೂರ್ತಿ ಕೆಳಗಿದ್ದಾಗ ಕಾಲು ನೇರವಾಗಬೇಕು. ಪಾದದ ಮುಂಭಾಗದಿಂದ ತುಳಿಯುವಾಗ ಮಂಡಿ ತುಸು ಬಾಗಿರುತ್ತದೆ, ಅದೇ ಸರಿಯಾದ ಎತ್ತರ. ಸೀಟಿನ ಮೇಲೆ ಕೂತಾಗ ಎರಡೂ ಪಾದ ಪೂರ್ತಿ ನೆಲಕ್ಕೆ ತಾಗಿದರೆ ಸೀಟು ತಗ್ಗಾಗಿದೆ ಅಂತಲೇ ಲೆಕ್ಕ. ಹಾಗೆ ತುಳಿದರೆ ಮಂಡಿಗೆ ಏಟು.

ಹೆಣ್ಣುಮಕ್ಕಳು ಬಂದರೆ ಸಾಕು, ಬುಟ್ಟಿ ಇರುವ ಗುಲಾಬಿ ಬಣ್ಣದ ಸೈಕಲ್ ತೋರಿಸುವ ಅಂಗಡಿಗಳು ಇನ್ನೂ ಇವೆ. ನನಗೆ ಇದು ತುಂಬಾ ಬೇಜಾರಿನ ವಿಷಯ. ಐದಡಿ ಎತ್ತರದವರಿಗೂ ಹೊಂದುವ ಚಿಕ್ಕ ಫ್ರೇಮಿನ ಹೈಬ್ರಿಡ್‌ಗಳು ಸಿಗುತ್ತವೆ. ಇದ್ದದ್ದರಲ್ಲೇ ಹೊಂದಿಸಿಕೊಳ್ಳಿ ಅಂದರೆ ಒಪ್ಪಬೇಡಿ, ತರಿಸಿಕೊಡಿ ಅನ್ನಿ.

ಸ್ಪ್ರಿಂಗ್ ಬೇಡ, ಟೈರು ನೋಡಿ

ಹೊಂಡ ಜಾಸ್ತಿ, ಆದ್ದರಿಂದ ಸಸ್ಪೆನ್ಷನ್ ಬೇಕು ಅನ್ನಿಸುವುದು ಸಹಜ. ಆದರೆ ಈ ಬೆಲೆಯಲ್ಲಿ ಬರುವ ಸಸ್ಪೆನ್ಷನ್ ಫೋರ್ಕ್ ಒಂದು ಸಾದಾ ಸ್ಪ್ರಿಂಗ್ ಅಷ್ಟೇ. ಸೈಕಲ್‌ಗೆ ಒಂದು ಕಿಲೋಗಿಂತ ಜಾಸ್ತಿ ತೂಕ ಸೇರಿಸುತ್ತದೆ. ಏರಿನಲ್ಲಿ ಎದ್ದು ತುಳಿದರೆ ನಿಮ್ಮ ಬಲವೆಲ್ಲ ಅದನ್ನು ಕುಣಿಸುವುದಕ್ಕೇ ಹೋಗುತ್ತದೆ. ಒಂದೆರಡು ಮಳೆಗಾಲ ಕಳೆದರೆ ಒಳಗೆ ತುಕ್ಕು ಹಿಡಿದು ಗಟ್ಟಿಯಾಗುವುದೂ ಉಂಟು. ಅದರ ದುಡ್ಡನ್ನು ಕಂಪನಿ ಬೇರೆಲ್ಲೋ ಉಳಿಸಿರುತ್ತದೆ, ಸಾಮಾನ್ಯವಾಗಿ ಬ್ರೇಕಿನಲ್ಲಿ ಅಥವಾ ಚಕ್ರದಲ್ಲಿ.

ನಮ್ಮ ರಸ್ತೆಯ ಕುಲುಕಾಟಕ್ಕೆ ನಿಜವಾದ ಮದ್ದು ಟೈರಿನ ಗಾಳಿ. ಟೈರಿನ ಪಕ್ಕದಲ್ಲಿ 700x38ಸಿ ಅಂತಲೋ 40-622 ಅಂತಲೋ ಬರೆದಿರುತ್ತದೆ. 38, 40 ಅನ್ನುವುದು ಟೈರಿನ ಅಗಲ, ಮಿಲಿಮೀಟರ್‌ನಲ್ಲಿ. 622 ಅನ್ನುವುದು ರಿಮ್ಮಿನ ಮೇಲೆ ಟೈರು ಕೂರುವ ಜಾಗದ ವ್ಯಾಸ. ನಮ್ಮ ಊರುಗಳಿಗೆ 35ರಿಂದ 40 ಮಿ.ಮೀ. ಅಗಲ ಹೇಳಿ ಮಾಡಿಸಿದ್ದು. 28ರ ಟೈರು ಒಳ್ಳೆಯ ಡಾಂಬರಿನಲ್ಲಿ ಓಡುತ್ತದೆ, ಆದರೆ ಹೊಂಡಕ್ಕೆ ಬಿದ್ದರೆ ಟ್ಯೂಬು ರಿಮ್ಮಿನ ಅಂಚಿಗೆ ಸಿಕ್ಕಿ ಪಂಕ್ಚರ್. 50ರ ಮುಳ್ಳು ಮುಳ್ಳಿನ ಟೈರು ಡಾಂಬರಿನ ಮೇಲೆ ಗುಯ್‌ಗುಟ್ಟುತ್ತಾ ಸುಮ್ನೆ ಸುಸ್ತು ಮಾಡುತ್ತದೆ. ಮಧ್ಯಭಾಗ ನಯವಾಗಿದ್ದು ಅಂಚಿನಲ್ಲಿ ಮಾತ್ರ ಸಣ್ಣ ಗೀರುಗಳಿರುವ ಟೈರು ನೋಡಿ. ಈಗ 35 ಹಾಕಿದ್ದರೂ ಫೋರ್ಕಿನ ನಡುವೆ 40 ಹಿಡಿಸುವಷ್ಟು ಜಾಗ ಇದೆಯೇ ಅಂತಲೂ ಕೇಳಿ.

ಗಾಳಿ ಎಷ್ಟಿರಬೇಕು ಅನ್ನುವ ಮಿತಿ ಟೈರಿನ ಮೇಲೇ ಇರುತ್ತದೆ. ಸುಮಾರು 70 ಕೆ.ಜಿ. ತೂಕದವರಿಗೆ 38ರ ಟೈರಿನಲ್ಲಿ 50 ಪಿಎಸ್‌ಐ ಆಸುಪಾಸು ಆರಾಮ. ವಾಲ್ ಯಾವುದು ನೋಡಿಕೊಳ್ಳಿ. ಬೈಕು, ಕಾರಿನಲ್ಲಿ ಇರುವಂಥದ್ದೇ ದಪ್ಪ ವಾಲ್ ಇದ್ದರೆ ದಾರಿಯಲ್ಲಿ ಎಲ್ಲಿ ಬೇಕಾದರೂ ಗಾಳಿ ಸಿಗುತ್ತದೆ. ತೆಳ್ಳಗಿನ ಪ್ರೆಸ್ಟಾ ವಾಲ್ ಇದ್ದರೆ ಒಂದು ಸಣ್ಣ ಹಿತ್ತಾಳೆ ಅಡಾಪ್ಟರ್ ಜೊತೆಗಿರಲಿ. ಪಂಕ್ಚರ್ ಅಂಗಡಿಗಳಲ್ಲಿ 700ಸಿ ಟ್ಯೂಬ್ ಇಟ್ಟಿರುವುದು ಅಪರೂಪ. ಸೈಕಲ್ ಕೊಳ್ಳುವಾಗಲೇ ಎರಡು ಟ್ಯೂಬ್ ತೆಗೆದುಕೊಂಡುಬಿಡಿ.

ಗೇರ್ ಎಣಿಸಬೇಡಿ, ಹಲ್ಲು ಎಣಿಸಿ

ಮುಂದೆ ಮೂರು, ಹಿಂದೆ ಏಳು, ಒಟ್ಟು 21. ಆದರೆ ಇವುಗಳಲ್ಲಿ ಎಷ್ಟೋ ಜೋಡಿಗಳು ಹೆಚ್ಚು ಕಡಿಮೆ ಒಂದೇ. ಇನ್ನು ಕೆಲವು ಚೈನನ್ನು ಅಡ್ಡಾದಿಡ್ಡಿ ಎಳೆಯುವುದರಿಂದ ಬಳಸಲೇಬಾರದು. ನಿಮಗೆ ಬೇಕಾದ ಲೆಕ್ಕ ಒಂದೇ: ಮುಂದಿನ ಅತಿ ಚಿಕ್ಕ ಹಲ್ಲುಚಕ್ರದಲ್ಲಿ ಎಷ್ಟು ಹಲ್ಲು, ಹಿಂದಿನ ಅತಿ ದೊಡ್ಡದರಲ್ಲಿ ಎಷ್ಟು? ಮುಂದೆ 28, ಹಿಂದೆ 28 ಇದ್ದರೆ ಪೆಡಲ್ ಒಂದು ಸುತ್ತಿಗೆ ಚಕ್ರವೂ ಒಂದೇ ಸುತ್ತು. ಸಾಮಾನ್ಯ ಏರಿಗೆ ಇದು ಸಾಕು. ಹಿಂದೆ 34 ಇದ್ದರೆ ಇನ್ನೂ ಹಗುರ. ಮಂಗಳೂರಿನ ಬಾವುಟಗುಡ್ಡೆ, ಮಡಿಕೇರಿಯ ರಸ್ತೆಗಳು, ಚಾಮುಂಡಿ ಬೆಟ್ಟದ ಏರು ನಿಮ್ಮ ದಾರಿಯಲ್ಲಿದ್ದರೆ ಅದನ್ನೇ ಕೇಳಿ. ಸಮತಟ್ಟಾದ ದಾವಣಗೆರೆಯಲ್ಲೋ ರಾಯಚೂರಿನಲ್ಲೋ ಇರುವವರಿಗೆ ಮುಂದೆ ಒಂದೇ ಹಲ್ಲುಚಕ್ರ, ಹಿಂದೆ ಏಳೋ ಎಂಟೋ ಇರುವ ಸೈಕಲ್ ಧಾರಾಳ. ಕೆಡುವ ಭಾಗ ಕಡಿಮೆ, ತೂಕ ಕಡಿಮೆ. ಶಿಮಾನೊ ಕಂಪನಿಯ ಗೇರಾದರೆ ಟೂರ್ನಿ ಮೊದಲ ಮೆಟ್ಟಿಲು, ಆಲ್ಟಸ್ ಅದಕ್ಕಿಂತ ಮೇಲಿನದು. ಆಲ್ಟಸ್ ಬಜೆಟ್ಟಿಗೆ ಬಂದರೆ ಒಳ್ಳೆಯದೇ, ಟೂರ್ನಿಯಾದರೂ ಸರಿಯಾಗಿ ಹೊಂದಿಸಿದರೆ ವರ್ಷಗಟ್ಟಲೆ ನಡೆಯುತ್ತದೆ.

ಬ್ರೇಕು

ಕರಾವಳಿ, ಮಲೆನಾಡಿನವರು ಡಿಸ್ಕ್ ಬ್ರೇಕ್ ಇರುವುದನ್ನೇ ಕೊಳ್ಳಿ. ರಿಮ್ಮನ್ನು ಹಿಡಿಯುವ ವಿ-ಬ್ರೇಕು ಮಳೆಯಲ್ಲಿ ತಡವಾಗಿ ಹಿಡಿಯುತ್ತದೆ. ಕೆಸರಿನ ಮರಳು ಬ್ರೇಕ್ ರಬ್ಬರನ್ನೂ ರಿಮ್ಮನ್ನೂ ಒಟ್ಟಿಗೇ ತಿನ್ನುತ್ತದೆ. ಬಯಲುಸೀಮೆಯಲ್ಲಿ ವಿ-ಬ್ರೇಕು ಹಗುರ, ಅಗ್ಗ, ಯಾವ ಮೆಕ್ಯಾನಿಕ್ ಆದರೂ ಸರಿ ಮಾಡುತ್ತಾನೆ. ಡಿಸ್ಕ್ ಕೊಳ್ಳುವವರಿಗೆ ಕೇಬಲ್ ಇರುವುದೇ ಸಾಕು. ಎಣ್ಣೆಯಿಂದ ನಡೆಯುವ ಹೈಡ್ರಾಲಿಕ್ ಡಿಸ್ಕ್ ಇನ್ನೂ ಚೆನ್ನಾಗಿ ಹಿಡಿಯುತ್ತದೆ, ಆದರೆ ಅದನ್ನು ರಿಪೇರಿ ಮಾಡುವವರು ನಿಮ್ಮ ಊರಿನಲ್ಲಿ ಇದ್ದಾರಾ ಅಂತ ಮೊದಲು ವಿಚಾರಿಸಿ.

ಬೋಲ್ಟ್ ಹಾಕುವ ತೂತು ಇದೆಯಾ?

ಕೆಳಗೆ ಬಗ್ಗಿ ನೋಡಿ. ಹಿಂದಿನ ಚಕ್ರದ ಆಕ್ಸಲ್ (ನಡುವಿನ ಅಚ್ಚು) ಹತ್ತಿರ, ಸೀಟಿನ ಕೆಳಗಿನ ಪೈಪುಗಳಲ್ಲಿ, ಮುಂದಿನ ಫೋರ್ಕಿನ ತುದಿಯಲ್ಲಿ ಸಣ್ಣ ತೂತುಗಳಿರಬೇಕು. ಇವಿದ್ದರೆ ಮಡ್‌ಗಾರ್ಡ್, ಕ್ಯಾರಿಯರ್ ಗಟ್ಟಿಯಾಗಿ ಕೂರುತ್ತವೆ. ಲ್ಯಾಪ್‌ಟಾಪ್, ಊಟದ ಡಬ್ಬಿ ಬೆನ್ನಿನ ಮೇಲಿಂದ ಕ್ಯಾರಿಯರ್‌ಗೆ ಇಳಿದರೆ ಅರ್ಧ ಬೆವರು ಕಡಿಮೆ. ಡಿಸ್ಕ್ ಬ್ರೇಕ್ ಇರುವ ಸೈಕಲ್‌ಗೆ ಎಲ್ಲ ಕ್ಯಾರಿಯರ್ ಹೊಂದುವುದಿಲ್ಲ, ಕೂರಿಸಿ ನೋಡಿಯೇ ದುಡ್ಡು ಕೊಡಿ. ಸಮುದ್ರದ ಹತ್ತಿರದವರಿಗೆ ಅಲಾಯ್ (ಅಲ್ಯೂಮಿನಿಯಂ) ಫ್ರೇಮ್ ಒಳ್ಳೆಯದು, ತುಕ್ಕಿನ ಚಿಂತೆ ಇಲ್ಲ.

ದುಡ್ಡಿನ ಲೆಕ್ಕ

2025ರ ಸೆಪ್ಟೆಂಬರ್ 22ರಿಂದ ಸೈಕಲ್ ಮೇಲಿನ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿದಿದೆ. ಹಳೆಯ ದರದ ಚೀಟಿ ತೋರಿಸಿದರೆ ಬಿಲ್ ಕೇಳಿ. ಬಜೆಟ್ಟನ್ನೆಲ್ಲ ಸೈಕಲ್‌ಗೇ ಸುರಿಯಬೇಡಿ. ಹೆಲ್ಮೆಟ್, ಗಟ್ಟಿ ಬೀಗ, ಮುಂದೆ ಹಿಂದೆ ದೀಪ, ಮೀಟರ್ ಇರುವ ಪಂಪ್, ಮಡ್‌ಗಾರ್ಡ್ ಇಷ್ಟಕ್ಕೆ ನಾಲ್ಕೈದು ಸಾವಿರ ಬೇರೆ ಇಡಿ.

ಆನ್‌ಲೈನ್‌ನಲ್ಲಿ ಎರಡು ಸಾವಿರ ಕಡಿಮೆಗೆ ಸಿಗುತ್ತದೆ, ನಿಜ. ಆದರೆ ಡಬ್ಬಿಯಲ್ಲಿ ಬಂದ ಸೈಕಲ್ ಜೋಡಿಸುವವರು ಯಾರು? ಫೋರ್ಕನ್ನು ಹಿಂದುಮುಂದಾಗಿ ಕೂರಿಸಿಕೊಂಡು ಓಡಾಡುವವರನ್ನು ರಸ್ತೆಯಲ್ಲಿ ನೋಡಿದಾಗ ನನಗೆ ಭಯವಾಗುತ್ತದೆ. ಮುಂದಿನ ಚಕ್ರದ ಆಕ್ಸಲ್ ಫೋರ್ಕಿನ ಗೆರೆಗಿಂತ ಮುಂದಕ್ಕೆ ಚಾಚಿರಬೇಕು, ಹಿಂದಕ್ಕಲ್ಲ. ಎಡ ಪೆಡಲಿನ ತಿರುಪು ಉಲ್ಟಾ ಇರುತ್ತದೆ, ಬಲದ್ದರ ಹಾಗೆ ಬಲವಂತವಾಗಿ ತಿರುಗಿಸಿದರೆ ಪೆಡಲ್ ಕೂರುವ ಕ್ರ್ಯಾಂಕ್ ತೋಳಿನ ತಿರುಪಿನ ಗೆರೆ ಕಿತ್ತುಹೋಗುತ್ತದೆ. ಹತ್ತಿರದ ಅಂಗಡಿಯಲ್ಲಿ ಕೊಂಡರೆ ಈ ಕೆಲಸ ಅವರದು, ಮುಂದಿನ ಸರ್ವಿಸ್ ಕೂಡ.

ಕೊಳ್ಳುವ ಮೊದಲು ಒಂದು ಸುತ್ತು

ಅಂಗಡಿಯೊಳಗೆ ಹತ್ತು ಅಡಿ ತಳ್ಳಿ ನೋಡಿದರೆ ಸಾಲದು. ರಸ್ತೆಗೆ ಹೋಗಿ. ಎಲ್ಲ ಗೇರ್ ಒಂದೊಂದಾಗಿ ಬದಲಿಸಿ. ಒಂದು ಹಂಪ್ ಹತ್ತಿಸಿ, ಎಲ್ಲಾದರೂ ಗಡಗಡ ಅನ್ನುತ್ತದಾ ಕೇಳಿ. ಒಂದೇ ಬೆರಳಲ್ಲಿ ಬ್ರೇಕ್ ಹಿಡಿದು ನೋಡಿ. ನಿಂತು, ಮುಂದಿನ ಬ್ರೇಕ್ ಒತ್ತಿ ಸೈಕಲನ್ನು ಹಿಂದೆ ಮುಂದೆ ಅಲುಗಿಸಿ. ಹ್ಯಾಂಡಲ್ ಬುಡದಲ್ಲಿ ಕಟಕಟ ಅಂದರೆ ಬಿಗಿ ಮಾಡಿಸಿ. ಚಕ್ರ ಎತ್ತಿ ತಿರುಗಿಸಿ, ಓಲಾಡುತ್ತಿದ್ದರೆ ಕಡ್ಡಿ ಸರಿ ಮಾಡಿಸದೆ ಮನೆಗೆ ತರಬೇಡಿ.

ಮೊದಲ ತಿಂಗಳಲ್ಲಿ ಹೊಸ ಕೇಬಲ್‌ಗಳು ಸಡಿಲವಾಗುತ್ತವೆ, ಗೇರು ಹಾರುತ್ತದೆ, ಬ್ರೇಕು ತಡವಾಗಿ ಹಿಡಿಯುತ್ತದೆ. ಸೈಕಲ್ ಕೆಟ್ಟಿತು ಅಂತ ಗಾಬರಿ ಬೇಡ. ಮೊದಲ ಸರ್ವಿಸ್ ಉಚಿತವೇ ಅಂತ ಕೊಳ್ಳುವಾಗಲೇ ಕೇಳಿ, ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಆ ದಿನ ಕೇಬಲ್ ಜೊತೆಗೆ ಕಡ್ಡಿಗಳ ಬಿಗಿಯನ್ನೂ ನೋಡಿಸಿ.