ಕಾಲುವೆ ಆಟ: ಮೂರನೆಯ ವರ್ಷಕ್ಕೆ ಕೈಗೆ ಹತ್ತಿದ ಫಲಿತಾಂಶ

‘ಆಟ ಆಡಿಸಿ ಪಿಎಚ್‌ಡಿ ಪಡೆಯುವ ಮೇಷ್ಟ್ರು’ ಎಂದು ನಮ್ಮ ಶಾಲೆಯ ಸಿಬ್ಬಂದಿ ಕೊಠಡಿಯಲ್ಲಿ ನನಗೆ ಹೆಸರು ಬಿದ್ದು ಮೂರು ವರ್ಷವಾಯಿತು. ಪಾಠವನ್ನು ಆಟವಾಗಿ ಆಡಿಸಿದರೆ ಮಕ್ಕಳು ಹೆಚ್ಚು ಕಲಿಯುತ್ತಾರೆಯೇ ಎಂಬುದು ನನ್ನ ಸಂಶೋಧನೆ. ಹೆಸರಿಟ್ಟವರಲ್ಲೇ ಇಬ್ಬರು ಕಳೆದ ತಿಂಗಳು ನನ್ನ ಆಟದ ಕಾರ್ಡುಗಳ ಜೆರಾಕ್ಸ್ ಕೇಳಿಕೊಂಡು ಬಂದರು. ಆ ಖುಷಿಯಲ್ಲಿ ಇದನ್ನು ಬರೆಯುತ್ತಿದ್ದೇನೆ. ಕಲಿಸುವ ಮುಂಚಿನ ಪರೀಕ್ಷೆ, ಆಟವಿಲ್ಲದೆ ಕಲಿಯುವ ಹೋಲಿಕೆಯ ತರಗತಿ ಎಲ್ಲ ಇಂಥ ಸಂಶೋಧನೆಯಲ್ಲಿ ಇರುವಂಥವೇ. ಕೈ ಸುಟ್ಟುಕೊಂಡ ಕಡೆಗಳನ್ನಷ್ಟೇ ಹೇಳುತ್ತೇನೆ.

ಮೊದಲ ವರ್ಷ ನಾನು ಮಾಡಿದ್ದು ಆಟವೇ ಅಲ್ಲ. ಜಲಸಂಪನ್ಮೂಲದ ಪಾಠದಿಂದ ಅರವತ್ತು ಪ್ರಶ್ನೆ ಆಯ್ದು, ಅಂಕ, ನಕ್ಷತ್ರ, ಚಪ್ಪಾಳೆಯ ಸದ್ದು ಸೇರಿಸಿ ಮೊಬೈಲಿಗೆ ಹಾಕಿದೆ. ಹಾಗಲಕಾಯಿಗೆ ಬೆಲ್ಲ ಸವರಿದ ಹಾಗೆ. ಒಂಬತ್ತನೆಯ ತರಗತಿಯ ಮಕ್ಕಳು ವಾರದೊಳಗೆ ನೂರಕ್ಕೆ ತೊಂಬತ್ತು ದಾಟಿದರು. ಬರವಣಿಗೆಯ ಪರೀಕ್ಷೆಯಲ್ಲಿ ಮಾತ್ರ ಇದ್ದಲ್ಲೇ ಇದ್ದರು. ಯಾಕೆಂದು ನೋಡಿದರೆ, ಆಯ್ಕೆಗಳ ಕ್ರಮ ಬದಲಾಗುವಂತೆ ಮಾಡಲು ನಾನು ಮರೆತಿದ್ದೆ. ಮಕ್ಕಳು ಪ್ರಶ್ನೆ ಓದುತ್ತಲೇ ಇರಲಿಲ್ಲ. ‘ಎರಡು, ನಾಲ್ಕು, ನಾಲ್ಕು, ಒಂದು’ ಎಂದು ಮಗ್ಗಿಯಂತೆ ಬಾಯಿಪಾಠ ಮಾಡಿದ್ದರು. ಜೊತೆಗೆ ಆಗ ಬಳಸುತ್ತಿದ್ದ ಗೊಡೊ ಎಂಬ ಆಟ ತಯಾರಿಸುವ ತಂತ್ರಾಂಶದ ಮೂರನೆಯ ಆವೃತ್ತಿಯಲ್ಲಿ ಕನ್ನಡದ ಒತ್ತಕ್ಷರಗಳು ಒಡೆದು ಬೀಳುತ್ತಿದ್ದವು. ಪ್ರತಿ ವಾಕ್ಯವನ್ನೂ ಚಿತ್ರವಾಗಿ ಬರೆದು ಅಂಟಿಸಿ ಎರಡು ತಿಂಗಳು ಕಳೆದೆ. 2023ರಲ್ಲಿ ನಾಲ್ಕನೆಯ ಆವೃತ್ತಿ ಬಂದ ಮೇಲೆ ಆ ಕಾಟ ತಪ್ಪಿತು. ಅಷ್ಟರಲ್ಲಿ ನನ್ನ ಕಣ್ಣಿಗೆ ಕನ್ನಡಕ ಬಂದಿತ್ತು.

ಆಗ ಕೈಗೆ ಸಿಕ್ಕಿದ್ದು ನೀರಾವರಿ ಆಟದ ಸಂಶೋಧನೆಗಳು. ಕೊಲಂಬಿಯಾ, ಥಾಯ್ಲೆಂಡಿನ ಹಳ್ಳಿಗಳಲ್ಲಿ ರೈತರಿಂದಲೇ ಆಡಿಸಿದ್ದಾರೆ. ಐವರು ಸಾಲಾಗಿ ಕೂರಬೇಕು, ಪ್ರತಿಯೊಬ್ಬರಿಗೂ ಆಟದ ಪ್ರತಿ ಸುತ್ತಿನಲ್ಲಿ ಹತ್ತು ಬಿಲ್ಲೆ. ಕಾಲುವೆಯ ದುರಸ್ತಿಗೆ ಎಲ್ಲರೂ ಸೇರಿ ಎಷ್ಟು ಹಾಕುತ್ತಾರೋ ಅದಕ್ಕೆ ತಕ್ಕಷ್ಟು ನೀರು. ಆದರೆ ಮೊದಲು ಮೊಗೆಯುವವನು ಕಾಲುವೆಯ ಮೇಲ್ಭಾಗದಲ್ಲಿ ಕೂತವನು. ಓದಿದಾಗ ನಗು ಬಂತು. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದಲ್ಲಿ, ಮಾನ್ವಿ ತಾಲ್ಲೂಕಿನಲ್ಲಿ, ಹುಟ್ಟಿದವನಿಗೆ ಇದನ್ನು ಪ್ರಯೋಗಾಲಯದವರು ಕಲಿಸಬೇಕೆ? ಮೇಲಿನವರು ಭತ್ತ ನಾಟಿ ಮಾಡಿ ಮುಗಿಸಿದರೂ ನಮ್ಮ ತೂಬಿನಲ್ಲಿ ಓತಿಕ್ಯಾತ ಮಲಗಿರುತ್ತದೆ.

ನನ್ನ ಮಾರ್ಗದರ್ಶಕರಿಗೆ ಇದೂ ಹಿಡಿಸಲಿಲ್ಲ. ಶಿಕ್ಷಣ ಸಂಶೋಧಕ ರಿಚರ್ಡ್ ಕ್ಲಾರ್ಕ್ 1983ರಲ್ಲಿ ಹೇಳಿದ ಲಾರಿಯ ಮಾತನ್ನು ನನ್ನ ಮುಂದಿಟ್ಟರು: ದಿನಸಿ ಹೊತ್ತು ತರುವ ಲಾರಿಯಿಂದ ಮೈಗೆ ಪುಷ್ಟಿ ಬರುವುದಿಲ್ಲ, ಪಾಠ ಹೊತ್ತು ತರುವ ಮಾಧ್ಯಮದಿಂದ ಕಲಿಕೆಯೂ ಹಾಗೆಯೇ. ಸರಿ, ಲಾರಿಯನ್ನೇ ಪರೀಕ್ಷಿಸೋಣ ಎಂದು ಅದೇ ಆಟವನ್ನು ಕಾಗದದ ಮೇಲೂ ಮಾಡಿದೆ. ಒಂದು ತರಗತಿಗೆ ಫೋನಿನ ಆಟ, ಒಂದಕ್ಕೆ ಕಾಗದದ ಆಟ, ಒಂದಕ್ಕೆ ಆಟದ ಬಳಿಕ ಚರ್ಚೆಯಿಲ್ಲದ ಫೋನಿನ ಆಟ, ಒಂದಕ್ಕೆ ಬರಿಯ ಪಾಠ.

ಎರಡನೆಯ ವರ್ಷವೂ ನೀರುಪಾಲು. ಪಾಠದ ತರಗತಿಯನ್ನು ನಮ್ಮದೇ ಶಾಲೆಯ ‘ಬಿ’ ವಿಭಾಗಕ್ಕೆ ಇಟ್ಟಿದ್ದು ನನ್ನ ಪೆದ್ದುತನ. ಒಂದು ಮಧ್ಯಾಹ್ನ ಬಿಸಿಯೂಟ ಮುಗಿದ ಮೇಲೆ ನೋಡುತ್ತೇನೆ, ವರಾಂಡದ ನೆಲದ ಮೇಲೆ ಸೀಮೆಸುಣ್ಣದ ಕಾಲುವೆ, ಐದು ತೂಬು, ಹುಣಸೆಬೀಜದ ಬಿಲ್ಲೆಗಳು. ‘ಎ’ ವಿಭಾಗದವರು ‘ಬಿ’ ವಿಭಾಗದವರಿಗೆ ಆಟ ಕಲಿಸಿ ಆಗಲೇ ವಾರವಾಗಿತ್ತಂತೆ. ಮೇಷ್ಟ್ರಾಗಿ ಖುಷಿಪಟ್ಟೆ, ಸಂಶೋಧಕನಾಗಿ ತಲೆಯ ಮೇಲೆ ಕೈ ಹೊತ್ತೆ. ಮರುವರ್ಷ ನಾಲ್ಕು ತರಗತಿಗಳನ್ನೂ ನಾಲ್ಕು ಊರಿಗೆ ಚದುರಿಸಿದೆ.

ಖರ್ಚಿನ ವಿಷಯ. ಹಳೆಯ ಫೋನು ಆರು, ರಾಯಚೂರಿನಲ್ಲಿ ಸುಮಾರು ಇಪ್ಪತ್ತೈದು ಸಾವಿರಕ್ಕೆ ಬಂದವು. ಏಪ್ರಿಲ್ ಬಿಸಿಲಿಗೆ ಎರಡರ ಬ್ಯಾಟರಿ ಉಬ್ಬಿ ಹಪ್ಪಳವಾದವು. ಬೈಕಿನ ಪೆಟ್ರೋಲು ಆರೇಳು ಸಾವಿರ. ಕಾರ್ಡು ಮುದ್ರಿಸಿ ಲ್ಯಾಮಿನೇಷನ್ ಮಾಡಿಸಲು ಒಂಬೈನೂರೋ ಸಾವಿರವೋ. ಅನುದಾನದ ಅರ್ಜಿ ಒಂದು ಕಚೇರಿಯಲ್ಲಿ ಇಂದಿಗೂ ಮಲಗಿದೆ. ಮನೆಯಲ್ಲಿ ಲೆಕ್ಕ ಕೇಳಿದಾಗ ನಾನು ಹೇಳಿದ್ದು ಅರ್ಧ.

ಫಲಿತಾಂಶ ನೆನಪಿನಿಂದ ಹೇಳುತ್ತೇನೆ. 25 ಅಂಕಕ್ಕೆ ಎಲ್ಲರೂ ಹೆಚ್ಚುಕಡಿಮೆ 9ರಿಂದ ಹೊರಟರು. ಮುಗಿದ ಮರುದಿನ ಆಟದವರು 15, 16, ಪಾಠದವರು 14. ಇಷ್ಟೇ ಆಗಿದ್ದರೆ ಸಿಬ್ಬಂದಿ ಕೊಠಡಿಯವರೇ ಗೆಲ್ಲುತ್ತಿದ್ದರು. ಆರು ವಾರದ ಬಳಿಕ ಮತ್ತೆ ಬರೆಸಿದೆ. ಪಾಠದವರು 10ಕ್ಕೆ ಇಳಿದಿದ್ದರು, ಚರ್ಚೆಯಿಲ್ಲದೆ ಆಡಿದವರು ಅವರ ಪಕ್ಕದಲ್ಲೇ. ಆಡಿ ಚರ್ಚಿಸಿದವರು 14ರಲ್ಲೇ ನಿಂತಿದ್ದರು. ಫೋನಿಗೂ ಕಾಗದಕ್ಕೂ ವ್ಯತ್ಯಾಸ ಅರ್ಧ ಅಂಕವೂ ಇಲ್ಲ. ಕ್ಲಾರ್ಕ್ ಲಾರಿಯ ಬಗ್ಗೆ ಹೇಳಿದ್ದು ಸರಿ. ಆದರೆ ನನ್ನ ದಿನಸಿ ಆಟದ ನಂತರದ ಇಪ್ಪತ್ತು ನಿಮಿಷದ ಚರ್ಚೆಯೆಂಬ ಜಗಳದಲ್ಲಿತ್ತು, ಆಟವಿಲ್ಲದೆ ಆ ಜಗಳ ಹುಟ್ಟುವುದಿಲ್ಲ. ಮಾರ್ಗದರ್ಶಕರು ಕೋಷ್ಟಕವನ್ನು ಎರಡು ಸಲ ನೋಡಿ ಚಹಾ ತರಿಸಿದರು.

ಆ ಜಗಳ ಹೇಗಿರುತ್ತದೆಂದರೆ: ಭೂಮಿಯೆಲ್ಲ ಕೊನೆ ಭಾಗದಲ್ಲಿರುವ ಮನೆಯ ಹುಡುಗಿಗೆ ಚೀಟಿಯಲ್ಲಿ ಮೊದಲ ಸ್ಥಾನ ಬಂತು. ನಾಲ್ಕು ಸುತ್ತು ಸದ್ದಿಲ್ಲದೆ ನೀರೆಲ್ಲ ಮೊಗೆದಳು. ಐದನೆಯ ಸ್ಥಾನದಲ್ಲಿದ್ದವನು ಕಾಲುವೆ ನೋಡಿಕೊಳ್ಳುವ ಗ್ಯಾಂಗ್‌ಮನ್ ಒಬ್ಬರ ಮಗ. ಬಿಲ್ಲೆಗಳನ್ನು ಮುಷ್ಟಿಯಲ್ಲಿ ಬಿಗಿಹಿಡಿದು, “ದುರಸ್ತಿಗೆ ಒಂದೂ ಹಾಕುವುದಿಲ್ಲ, ಏನು ಮೊಗೆಯುತ್ತೀಯೋ ನೋಡುತ್ತೇನೆ” ಎಂದ. ಮುಂದಿನ ಸುತ್ತಿನಲ್ಲಿ ನೀರು ಅರ್ಧಕ್ಕಿಳಿಯಿತು. ಅವಳ ಮುಖ ನೋಡಬೇಕಿತ್ತು. ಅಲ್ಲಿ ಆಟ ನಿಲ್ಲಿಸಿ ನಾನು ಒಂದು ಪ್ರಶ್ನೆ ಕೇಳುತ್ತೇನೆ. ಅದೇನೆಂದು ಪ್ರಬಂಧ ಅಚ್ಚಾಗುವ ತನಕ ಹೇಳಲಾರೆ. ಆಟದಲ್ಲಿ ಬಳಸುವ ಮಳೆ ಕಾರ್ಡುಗಳ ಪ್ರಮಾಣವೂ ಸದ್ಯಕ್ಕೆ ಗುಟ್ಟು.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್‌ಗೇಟ್ ಕೊಚ್ಚಿಹೋದ ಮೇಲೆ, “ಸರ್, ಗೇಟು ಮುರಿದ ಕಾರ್ಡು ಎಲ್ಲಿ?” ಎಂದು ಮಕ್ಕಳೇ ಕೇಳಿದರು. ಸೇರಿಸಿದೆ. ಅದು ಬಂದ ಸುತ್ತಿನಲ್ಲಿ ಮೇಲಿನವನೂ ಕೆಳಗಿನವನೂ ಒಂದಾಗುತ್ತಾರೆ, ಒಂದೇ ಸುತ್ತಿನ ಮಟ್ಟಿಗೆ.

   

ಕೊನೆಗೆ ಊರ ಕಟ್ಟೆಯ ಮೇಲೆ ದೊಡ್ಡವರಿಂದಲೂ ಆಡಿಸಿದೆ. ಐದನೆಯ ಸ್ಥಾನ ಒಬ್ಬ ಅಜ್ಜನಿಗೆ ಬಂತು. ಎರಡು ಸುತ್ತು ಸುಮ್ಮನೆ ಇದ್ದ. ಮೂರನೆಯದರಲ್ಲಿ ಎದ್ದು, ಬಿಲ್ಲೆಗಳನ್ನೆಲ್ಲ ಅಂಗಿಯ ಜೇಬಿಗೆ ಸುರಿದುಕೊಂಡು, “ನೀರು ಬಿಟ್ಟ ದಿನ ಮನೆಗೆ ಬಂದು ಇಸಿದುಕೊಳ್ಳಿರಿ ಮಾಸ್ತರ್” ಎಂದು ಹೊರಟ. ಆ ಹತ್ತು ಬಿಲ್ಲೆ ಇನ್ನೂ ಬಂದಿಲ್ಲ. ಅವುಗಳ ಜಾಗದಲ್ಲಿ ಈಗ ಹುಣಸೆಬೀಜ ಇಟ್ಟಿದ್ದೇನೆ.